ಎರಡಡಿ ಗಾಜಿನ ಮನೆ ಬಾಡಿಗೆಗಿದೆ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಬಾಡಿಗೆ ಮನೆ ಹುಡುಕಿ ಗೆದ್ದವರಿಗೆ ಯಾವ ಐಎಎಸ್ ಸಂದರ್ಶನವೂ ಲೆಕ್ಕಕ್ಕಿಲ್ಲ. ಗೇಟಿನ ಚಿಲಕ ತೆಗೆಯುವ ಮೊದಲೇ ಪ್ರಶ್ನೆಗಳು ಶುರುವಾಗುತ್ತವೆ. ಎಷ್ಟು ಜನ? ಮಕ್ಕಳೆಷ್ಟು, ಇನ್ನೂ ಆಗುವ ಅಂದಾಜಿದೆಯಾ? ದಿನಕ್ಕೆ ಎಷ್ಟು ಕೊಡ ನೀರು ಬೇಕಾಗುತ್ತೆ? ರಾತ್ರಿ ಎಷ್ಟು ಹೊತ್ತಿಗೆ ದೀಪ ಆರಿಸ್ತೀರಿ? ನೆಂಟರು ಬರ್ತಾರಾ, ಬಂದರೆ ಹೋಗ್ತಾರಾ? ಇಷ್ಟಾದ ಮೇಲೆ ದನಿ ತಗ್ಗಿಸಿ, ಎಡಬಲ ನೋಡಿ, ಕೊನೆಯ ಪ್ರಶ್ನೆ: "ಈ ಮೀನು ಗೀನು...?"

ಇಷ್ಟೆಲ್ಲ ಕೇಳುವ ಮನೆ ಮಾಲೀಕರು ಅದೇ ಸಂಜೆ ಅಕ್ವೇರಿಯಂ ಅಂಗಡಿಗೆ ಹೋದರೆ ಕೇಳುವುದು ಒಂದೇ ಮಾತು: "ಜೋಡಿ ಎಷ್ಟು?"

ನಮ್ಮ ಭಾವನನ್ನೇ ತಗೊಳ್ಳಿ. ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರು. ಹೆಂಚಿನ ಮನೆ, ಹಿಂದೆ ಎರಡು ಪೋರ್ಷನ್, ಮೇಲೊಂದು ರೂಮು. ಬಾಡಿಗೆದಾರರ ಆಯ್ಕೆಯಲ್ಲಿ ಅವರನ್ನು ಮೀರಿಸುವವರು ಹಳೇನಗರದಲ್ಲಿ ಇನ್ನೂ ಹುಟ್ಟಿಲ್ಲ. ಅವರೇ ಹೇಳುವ ಹಾಗೆ ಇದು ಊರಿನ ರಕ್ತದಲ್ಲೇ ಬಂದ ವಿದ್ಯೆ. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರಿಗೆ 1918ರಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆ ತಂದಿತು. ಮುಂದೆ 1936ರಲ್ಲಿ ಕಾಗದದ ಕಾರ್ಖಾನೆ ಬಂತು. ತಮಿಳು, ತೆಲುಗು, ಉರ್ದು, ಮಲಯಾಳ, ಮರಾಠಿ ಮಾತಾಡುವ ಮಂದಿ ಟ್ರಂಕು ಹೊತ್ತು ಇಳಿದರು. ಕ್ವಾರ್ಟರ್ಸ್ ಸಿಕ್ಕವರು ಹೊಳೆಯಾಚೆ ನ್ಯೂಟೌನಿಗೆ, ಸಿಗದವರು ಈಚೆ ಓಲ್ಡ್ ಟೌನಿನ ವಠಾರಗಳಿಗೆ. ಒಂದೇ ನಲ್ಲಿಯ ಸುತ್ತ ಐದು ಭಾಷೆಯ ಕೊಡಗಳು ಸಾಲು ನಿಂತು, ಐದರಲ್ಲೂ ಜಗಳವಾಡಿ, ಹಬ್ಬಕ್ಕೆ ಪಾಯಸ ಹಂಚಿಕೊಂಡು ಬದುಕಿದ ಊರು ಇದು. "ಯಾರನ್ನ ಯಾರ ಪಕ್ಕ ಇಡಬೇಕು ಅಂತ ನಮಗೆ ಹೇಳ್ಕೊಡಬೇಡ ಮಾರಾಯ" ಎನ್ನುವ ಹಕ್ಕು ಭಾವನಿಗೆ ಖಂಡಿತಾ ಇದೆ.

ಈಗ ಕಾಗದದ ಕಾರ್ಖಾನೆ ಸದ್ದಿಲ್ಲದೆ ಕೂತಿದೆ. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುತ್ತಾರಂತೆ, ಮುಚ್ಚೋದಿಲ್ಲವಂತೆ ಎಂಬುದು ಊರಿನ ಬೆಳಗಿನ ಕಾಫಿಯ ಜೊತೆಗಿನ ಬಿಸ್ಕತ್ತಾಗಿದೆ. ಪೋರ್ಷನ್ನುಗಳು ಖಾಲಿ ಬಿದ್ದಿದ್ದವು. ಬಾಡಿಗೆದಾರರ ಬಾಯಿಗೆ ಪ್ರಶ್ನೆ ತುರುಕುವ ಅವಕಾಶವಿಲ್ಲದೆ ಸೊರಗಿದ್ದ ಭಾವನಿಗೆ ಮಗ ಬೆಂಗಳೂರಿನಿಂದ ಒಂದು ಫಿಶ್ ಟ್ಯಾಂಕ್ ತಂದಿಟ್ಟು ಹೋದ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಹಿಂದೆ ನೀಲಿ ಸಮುದ್ರದ ಚಿತ್ರ, ಒಳಗೆ ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಸಳೆ.

ಮನೆಯಲ್ಲಿ ಮಾತುಕತೆ ನಡೆದು, ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನ ಮೇಲೆ ಮೀನಿನ ಪಟ್ಟಿ ತಯಾರಾಯಿತು. ಅದನ್ನು ನನ್ನ ಕೈಗೆ ಕೊಟ್ಟು, "ಶಿವಮೊಗ್ಗಕ್ಕೆ ಹೋಗ್ತಿದೀಯಲ್ಲ, ಹಂಗೇ ತಗೊಂಬಾ" ಎಂದರು. ಕೊತ್ತಂಬರಿ ಸೊಪ್ಪಿನ ಪಟ್ಟಿ ಕೊಡುವ ದನಿಯಲ್ಲೇ.

ಪಟ್ಟಿ ಓದಿದೆ. ಅಕ್ಕನಿಗೆ ಗೋಲ್ಡ್ ಫಿಶ್ ಒಂದು ಜೋಡಿ. ಹೆಸರಲ್ಲೇ ಚಿನ್ನವಿದೆ, ಲಕ್ಷ್ಮೀ ಕಳೆ. ಮೊಮ್ಮಗಳಿಗೆ ನೀಮೋ. ಸೊಸೆಗೆ ಫೋನಿನಲ್ಲಿ ಕಂಡ ನಿಯಾನ್ ಟೆಟ್ರಾ ಒಂದು ಜೋಡಿ, ಏಂಜಲ್ ಒಂದು ಜೋಡಿ. ಪಕ್ಕದ ಮನೆಯವರ ಶಿಫಾರಸಿನ ಮೇಲೆ ಟೈಗರ್ ಬಾರ್ಬ್ ಒಂದು ಜೋಡಿ ಮತ್ತು ಗಾಜು ನೆಕ್ಕಿ ತೊಳೆಯುವ ಸಕ್ಕರ್ ಒಂದು. ಕೊನೆಗೆ ಭಾವನ ಕೈಬರಹದಲ್ಲಿ, ಕೆಳಗೆ ಗೆರೆ ಎಳೆದು: ಶಾರ್ಕ್, ಒಂದು ಜೋಡಿ. ಅರೋವಾನಾ, ರೇಟು ವಿಚಾರಿಸುವುದು.

ಭದ್ರಾ ಡ್ಯಾಮಿನ 186 ಅಡಿಯಲ್ಲಿ ಇವತ್ತು ಎಷ್ಟಡಿ ನೀರಿದೆ, ಒಳಹರಿವೆಷ್ಟು, ಹೊರಹರಿವೆಷ್ಟು ಎಂದು ನಿದ್ದೆಗಣ್ಣಿನಲ್ಲೂ ಹೇಳುವ ಮನುಷ್ಯ ನಮ್ಮ ಭಾವ. "ನಿಮ್ಮ ತೊಟ್ಟಿ ಎಷ್ಟು ಲೀಟರ್ ಹಿಡಿಯುತ್ತೆ ಭಾವ?" ಎಂದೆ. ಮೊಸಳೆಯ ಹಾಗೆ ಬಾಯಿ ತೆರೆದರು, ಮುಚ್ಚಿದರು. ಲೆಕ್ಕ ಕಷ್ಟದ್ದೇನಲ್ಲ. ಎರಡು ಘನ ಅಡಿ ಎಂದರೆ 56 ಲೀಟರ್ ಚಿಲ್ಲರೆ. ತಳಕ್ಕೆ ಕಲ್ಲು ಹಾಸಿ, ಮೇಲೆ ಎರಡು ಇಂಚು ಬಿಟ್ಟರೆ 45 ದಾಟುವುದಿಲ್ಲ. ಅಂದರೆ ಮೂರು ಕೊಡ ನೀರು. ಆ ಮೂರು ಕೊಡದಲ್ಲಿ ಅಮೆಜಾನ್ ನದಿ, ಪೆಸಿಫಿಕ್ ಸಾಗರ, ಚೀನಾದ ಕೊಳ, ಸುಮಾತ್ರಾದ ಹಳ್ಳ ಎಲ್ಲವೂ ಒಟ್ಟಿಗೆ ಸಂಸಾರ ಮಾಡಬೇಕು.

ನೀಮೋವನ್ನು ಮೊದಲು ಹೊಡೆದುಹಾಕಿದೆವು. ಅದು ಉಪ್ಪುನೀರಿನ ಕ್ಲೌನ್ ಫಿಶ್. 2003ರಲ್ಲಿ ಸಿನಿಮಾ ಬಂದಾಗಿನಿಂದ ಜಗತ್ತಿನ ಮಕ್ಕಳೆಲ್ಲ ಅದನ್ನೇ ಕೇಳುತ್ತಾರೆ. "ಒಂದು ಹಿಡಿ ಉಪ್ಪು ಹಾಕಿದರಾಯ್ತಪ್ಪ" ಎಂದು ಅಕ್ಕ ಸುಲಭದ ದಾರಿ ತೋರಿಸಿದಳು. ಅಡುಗೆಯಲ್ಲಿ ಅಕ್ಕನ ಕೈ ನಂಬಬಹುದು. ಆದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರವನ್ನು ಅವಳ ಹಿಡಿಗೆ ಒಪ್ಪಿಸುವುದಕ್ಕೆ ಧೈರ್ಯ ಸಾಲಲಿಲ್ಲ. ಅಷ್ಟು ಉಪ್ಪಿಗೆ ಮಿಕ್ಕ ಮೀನೆಲ್ಲ ಉಪ್ಪಿನಕಾಯಿ.

ಮಾಲೀಕರು ನೀರಿನ ಪ್ರಶ್ನೆ ಕೇಳುತ್ತಾರಲ್ಲ, ಮೀನಿನ ವಿಷಯದಲ್ಲೂ ಅದೇ ಮೊದಲ ಪ್ರಶ್ನೆಯಾಗಬೇಕು. ಎಷ್ಟು ನೀರು ಎನ್ನುವುದಕ್ಕಿಂತ ಎಂಥ ನೀರು ಅನ್ನುವುದು. ನಿಯಾನ್ ಟೆಟ್ರಾ ಅಮೆಜಾನಿನ ಮೇಲುಹರಿವಿನ ಕಾಡುಹಳ್ಳಗಳದು. ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ, ತುಸು ಹುಳಿ ಗುಣದ ಮೆದುನೀರು ಅದಕ್ಕೆ ತವರು. ಅದಕ್ಕೆ ವಿಜ್ಞಾನಿಗಳು ಹೆಸರಿಟ್ಟು ದಾಖಲೆ ಮಾಡಿದ್ದು 1936ರಲ್ಲಿ, ನಮ್ಮ ಕಾಗದದ ಕಾರ್ಖಾನೆ ಹುಟ್ಟಿದ ವರ್ಷವೇ. ಇದನ್ನು ಕೇಳಿ ಭಾವನಿಗೆ ನಿಯಾನ್ ಮೇಲೆ ಇದ್ದಕ್ಕಿದ್ದಂತೆ ಊರಿನ ಮಮತೆ ಉಕ್ಕಿತು. ಅದೇ ಮೋಲಿ ಎಂಬ ಮೀನಿಗೆ ಗಡಸು ನೀರು ಬೇಕು. ಮೆದುನೀರಿನಲ್ಲಿ ಅದು ಬಾಡುತ್ತದೆ. ಗೋಲ್ಡ್ ಫಿಶ್‌ಗೆ ನೀರು ತಣ್ಣಗಿದ್ದಷ್ಟು ಹಿತ. 20 ಡಿಗ್ರಿ ಆಸುಪಾಸು ಇದ್ದರೆ ಹಾಯಾಗಿರುತ್ತದೆ. ನಿಯಾನ್, ಏಂಜಲ್, ಗೌರಾಮಿಗೆ 24ರಿಂದ 27. ನಡುವೆ ಎಲ್ಲೋ ಒಂದು ಕಡೆ ರಾಜಿ ಮಾಡಿದರೆ ಇಬ್ಬರೂ ಬದುಕುತ್ತಾರೆ, ಇಬ್ಬರೂ ಸುಖವಾಗಿರುವುದಿಲ್ಲ. ಭಾವ ಕೊಳವೆಬಾವಿ ನೀರೋ, ಹೊಳೆ ನಲ್ಲಿ ನೀರೋ ಎಂದು ಯೋಚನೆಗೆ ಬಿದ್ದರು. ಬೋರಿನದು ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟಿಸುವ ಗಡಸು. ನಲ್ಲಿಯದು ಮೆದು, ಆದರೆ ಕ್ಲೋರಿನ್ ಹೊಡೆದು ಬಿಟ್ಟಿರುತ್ತಾರೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಅದರ ವಾಸನೆ ಹೋಗುತ್ತದೆ. ಅವಸರವಿದ್ದವರು ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ನಾಲ್ಕು ಹನಿ ಬಿಡುತ್ತಾರೆ.

"ನಿಯಾನೂ ಏಂಜಲೂ ಎರಡೂ ಅಮೆಜಾನ್‌ದಲ್ವಾ? ಒಂದೇ ಊರಿನವರು, ಹೊಂದ್ಕೊಳ್ತವೆ" ಎಂದು ಸೊಸೆ ಫೋನು ಹಿಡಿದು ಬಂದಳು. ಅಮ್ಮಣ್ಣಿ, ಒಂದೇ ಊರಿನವರು ಎನ್ನುವುದೇ ಗಂಡಾಂತರ. ಅಲ್ಲಿ ಏಂಜಲ್‌ಗೆ ನಿಯಾನ್ ಗೊತ್ತಿರುವುದು ಊಟವಾಗಿ. ಅಂಗಡಿಯಲ್ಲಿ ಏಂಜಲ್ ಐದು ರೂಪಾಯಿ ನಾಣ್ಯದಷ್ಟಿದ್ದಾಗ ರೆಕ್ಕೆ ಮಡಿಸಿಕೊಂಡ ದೇವಕನ್ನಿಕೆ. ಅಂಗೈಯಗಲ ಬೆಳೆದ ಮೇಲೆ ಒಂದು ಬೆಳಗ್ಗೆ ಎದ್ದು ನೋಡಿದರೆ ನಿಯಾನ್ ಇಲ್ಲ. ಕನ್ನಿಕೆಯ ಹೊಟ್ಟೆ ಮಾತ್ರ ತುಸು ಮುಂದೆ ಬಂದಿರುತ್ತದೆ. ಮೀನಿನ ಲೋಕದಲ್ಲಿ ದ್ವೇಷ, ವೈರ, ಹಳೆಯ ಸಿಟ್ಟು ಇವೆಲ್ಲ ಕಡಿಮೆ. ಬಾಯಿಗೆ ಹಿಡಿಯುವಷ್ಟಿದ್ದರೆ ತಿಂಡಿ, ಹಿಡಿಯದಿದ್ದರೆ ನೆರೆಯವ. ಮೀನು ಆರಿಸುವವನು ಬಣ್ಣ ನೋಡುವ ಮೊದಲು ಬಾಯಿ ಅಳೆಯಬೇಕು, ಅದೂ ಇವತ್ತಿನ ಬಾಯಿಯಲ್ಲ, ಮುಂದಿನ ವರ್ಷದ್ದು.

ಇಲ್ಲಿ ಒಂದು ತಮಾಷೆ ಹೇಳಲೇಬೇಕು. "ಮೀನು ಗೀನು" ಎಂದು ದನಿ ತಗ್ಗಿಸಿ ಕೇಳಿ ಎಷ್ಟೋ ಸಂಸಾರಗಳನ್ನು ಗೇಟಿನಿಂದಲೇ ವಾಪಸ್ ಕಳಿಸಿದ ನಮ್ಮ ಭಾವ, ಮೀನು ತಿನ್ನುವವರನ್ನೇ ಒಂದು ಜೋಡಿ ಕವರಿನಲ್ಲಿ ಕಟ್ಟಿಸಿ ತರಿಸಿ ನಡುಮನೆಯಲ್ಲಿ ಕೂರಿಸುವುದಕ್ಕೆ ಹೊರಟಿದ್ದರು. ಬಾಡಿಗೆಯಿಲ್ಲದೆ. ಊಟ ಅವರದೇ ಖರ್ಚಿನಲ್ಲಿ.

ಊರಿನ ಲೆಕ್ಕ ಬೇಡವೆಂದರೆ ಭಾವ ದೇವಸ್ಥಾನದ ಲೆಕ್ಕಕ್ಕೆ ಬಂದರು. ಓಲ್ಡ್ ಟೌನಿನ ಹೆಮ್ಮೆ ನಮ್ಮ ಲಕ್ಷ್ಮೀನರಸಿಂಹ ಸ್ವಾಮಿ ದೇವಸ್ಥಾನ, ಹೊಯ್ಸಳರ ಕಾಲದ ತ್ರಿಕೂಟಾಚಲ. "ಅಲ್ಲಿ ಮೂರು ಗರ್ಭಗುಡಿ, ಒಂದೇ ನವರಂಗ. ಎಂಟುನೂರು ವರ್ಷ ಹತ್ತಿರ ಬಂತು, ಒಂದು ದಿನ ತಂಟೆ ಇದೆಯಾ?" ಇಲ್ಲ, ಒಪ್ಪಿದೆ. ಆದರೆ ಭಾವ, ಮೂರೂ ಕಡೆ ಕೂತಿರುವುದು ವಿಷ್ಣುವೇ. ನೀರೂ ಒಂದೇ, ನೈವೇದ್ಯವೂ ಒಂದೇ. ನಿಮ್ಮ ಪಟ್ಟಿಯಲ್ಲಿ ಅಂಥ ಮೂವರು ಎಲ್ಲಿದ್ದಾರೆ ತೋರಿಸಿ.

ಟೈಗರ್ ಬಾರ್ಬ್‌ನ ವಿಷಯಕ್ಕೆ ಬಂದಾಗ ಪಕ್ಕದ ಮನೆಯವರೂ ಕಾಂಪೌಂಡಿನಿಂದ ಕತ್ತು ಚಾಚಿದರು, ಅವರ ಶಿಫಾರಸಲ್ಲವೇ. ಹಳದಿ ಮೈ ಮೇಲೆ ಕಪ್ಪು ಪಟ್ಟೆ, ನೋಡಲು ಚೆಂದ. ಚಾಳಿ ಒಂದೇ: ಯಾರದಾದರೂ ಉದ್ದದ ಸೆರಗು ಕಂಡರೆ ಎಳೆಯುತ್ತದೆ. ಏಂಜಲ್‌ನ ಇಳಿಬಿಟ್ಟ ರೆಕ್ಕೆ, ಗಪ್ಪಿಯ ಬೀಸಣಿಗೆ ಬಾಲ, ಫೈಟರ್‌ನ ಜರಿ ಅಂಚು ಎಲ್ಲ ಅದಕ್ಕೆ ಕಚ್ಚಿ ಹರಿಯಲಿಕ್ಕೇ ಇದೆ. ಇದಕ್ಕೆ ಮದ್ದು ಎರಡು ಮೀನು ತರುವುದಲ್ಲ, ಎಂಟು ಹತ್ತು ತರುವುದು. ಗುಂಪು ದೊಡ್ಡದಾದರೆ ಅವುಗಳೊಳಗೆ ಯಾರು ಹಿರಿಯ ಯಾರು ಕಿರಿಯ ಎಂಬ ವ್ಯಾಜ್ಯ ಸುರುವಾಗಿ, ಪಕ್ಕದವರ ಸೆರಗು ಹಿಡಿಯಲು ಪುರುಸೊತ್ತೇ ಇರುವುದಿಲ್ಲ. ಮಹಡಿ ರೂಮಿಗೆ ಹುಡುಗರನ್ನು ಬಾಡಿಗೆಗೆ ಹಾಕಿದವರಿಗೆ ಇದು ಹೊಸದಲ್ಲ. ಇಬ್ಬರಿದ್ದರೆ ಬೀದಿಗೆಲ್ಲ ಉಪದ್ರ, ಆರು ಜನರಿದ್ದರೆ ರಾತ್ರಿಯೆಲ್ಲ ಯಾರು ಪಾತ್ರೆ ತೊಳೆಯಬೇಕು ಎಂಬುದರಲ್ಲೇ ಬೆಳಗಾಗುತ್ತದೆ.

ಈ "ಜೋಡಿ" ಎನ್ನುವ ಲೆಕ್ಕವನ್ನು ನಮ್ಮ ಅಂಗಡಿಗಳಲ್ಲಿ ಯಾರು ತಂದರೋ, ಬಳೆಯವರೋ ಬ್ರೋಕರುಗಳೋ. ಟೆಟ್ರಾ, ಬಾರ್ಬ್, ಡ್ಯಾನಿಯೋ ಯಾವುದೂ ದಾಂಪತ್ಯಕ್ಕೆ ಬಿದ್ದು ಬದುಕುವ ಜಾತಿಯಲ್ಲ. ಅವು ಹಿಂಡು ಮೀನು. ಆರಕ್ಕಿಂತ ಕಡಿಮೆ ಇದ್ದರೆ ಬಣ್ಣ ಕಳೆದುಕೊಂಡು ಮೂಲೆ ಹಿಡಿಯುತ್ತವೆ, ಇಲ್ಲವೇ ಕಚ್ಚಲು ಶುರುಮಾಡುತ್ತವೆ. ಎಂಟು ಜಾತಿಯಲ್ಲಿ ಎರಡೆರಡು ತರುವ ಬದಲು ಎರಡು ಜಾತಿಯಲ್ಲಿ ಎಂಟೆಂಟು ತಂದರೆ ನೋಡುವವರಿಗೂ ಚೆಂದ, ಮೀನಿಗೂ ನೆಮ್ಮದಿ. ಇದಕ್ಕೆ ತಿರುಗಾಮುರುಗಾ ಫೈಟರ್. ಅದರ ಗಂಡು ಒಂಟಿ ಬೈರಾಗಿ; ಎರಡು ಗಂಡು ಒಂದೇ ತೊಟ್ಟಿಗೆ ಬಿದ್ದರೆ ಒಂದು ಸಾಯುವ ತನಕ ಬಿಡಿಸಲಿಕ್ಕಾಗುವುದಿಲ್ಲ. ಫ್ಲವರ್ ಹಾರ್ನ್‌ಗಂತೂ ನೆರಳೂ ಆಗುವುದಿಲ್ಲ, ಗಾಜಿನಲ್ಲಿ ಕಾಣುವ ತನ್ನ ಮುಖಕ್ಕೇ ಗುದ್ದುತ್ತದೆ.

"ಮಕ್ಕಳು ದೊಡ್ಡವರಾದ ಮೇಲೆ ಮನೆ ಸಾಕಾಗುತ್ತಾ ನಿಮಗೆ?" ಎಂಬುದೂ ಭಾವನ ಗೇಟಿನ ಪ್ರಶ್ನೆಗಳಲ್ಲಿ ಒಂದು. ಹಾಗಾದರೆ ಗೆರೆ ಎಳೆದು ಬರೆದ ಆ ಶಾರ್ಕ್? ಅಂಗಡಿಯಲ್ಲಿ ಶಾರ್ಕ್ ಎಂದು ಮಾರುವ ಬೆಳ್ಳಿ ಮೈಯ ಆ ಮರಿ ಹೆಚ್ಚಿನ ಕಡೆ ಪಂಗಾಸಿಯಸ್. ಶಾರ್ಕಿಗೂ ಅದಕ್ಕೂ ಸಂಬಂಧ ಬೆನ್ನ ಮೇಲಿನ ಈಜುರೆಕ್ಕೆಯಷ್ಟೇ. ಅದೊಂದು ಬಗೆಯ ಕ್ಯಾಟ್‌ಫಿಶ್. ಮೆಕಾಂಗ್ ನದಿಯದು, ಒಂದು ಮೀಟರ್ ದಾಟಿ ಬೆಳೆಯುತ್ತದೆ. ಇದನ್ನೇ ಆಂಧ್ರದ ಕೆರೆಗಳಲ್ಲಿ ಸಾಕಿ ಲಾರಿಗಟ್ಟಲೆ ಊರೂರಿಗೆ ಕಳಿಸುತ್ತಾರೆ. ಹಿಂದಿನ ಪೋರ್ಷನ್ನಿಗೆ ಹೊಸದಾಗಿ ಬಂದಿರುವ ಬಾಡಿಗೆದಾರ, ಭಾವನ ಕೊನೆಯ ಪ್ರಶ್ನೆಗೆ "ಭಾನುವಾರ ಮಾತ್ರ ಸಾರ್" ಎಂದು ಪ್ರಾಮಾಣಿಕವಾಗಿ ಹೇಳಿ ಹೇಗೋ ಪಾಸಾದವರು, ಪಟ್ಟಿಯನ್ನೊಮ್ಮೆ ನೋಡಿ ತಣ್ಣಗೆ ಅಂದರು: "ಪಂಗಾಸ್ ಸಾರ್ ಇದು. ಮುಳ್ಳು ಕಡಿಮೆ. ಒಂದು ಕೆಜಿ ಆದ ಮೇಲೆ ಹೇಳಿ, ಮಸಾಲೆ ನಮ್ಮ ಮನೇಲೇ ರುಬ್ಬಿಸ್ತೀನಿ." ಪಿರಾನ್ಹಾ ಎಂದು ಹೆದರಿಸಿ ಮಾರುವ ಕೆಂಪು ಹೊಟ್ಟೆಯ ಮೀನೂ ಹೆಚ್ಚಾಗಿ ಪಾಕು ಎಂಬುದೇ, ಮೀನು ಮಾರ್ಕೆಟ್ಟಿನಲ್ಲಿ ಅದರ ಹೆಸರು ರೂಪ್‌ಚಂದ್. ಭಾವ ಅದನ್ನೂ ವಿಚಾರಿಸಬೇಕೆಂದಿದ್ದರಂತೆ. ಆ ಮಾತು ಅಲ್ಲಿಗೇ ನಿಂತಿತು.

ಸಕ್ಕರ್ ಮಾತ್ರ ಬಿಡಲೊಲ್ಲರು. "ಕ್ಲೀನಿಂಗ್‌ಗೆ ಒಬ್ಬರು ಬೇಕಲ್ಲಪ್ಪ." ಓಲ್ಡ್ ಟೌನಿನ ಮಾಲೀಕರ ದೊಡ್ಡ ದೌರ್ಬಲ್ಯ ಇದು, ಯಾರೋ ಬಂದು ಬಿಟ್ಟಿಯಾಗಿ ಅಂಗಳ ಗುಡಿಸಿಕೊಡುತ್ತಾರೆ ಎಂಬ ಆಸೆ. ಸಕ್ಕರ್ ಪಾಚಿ ನೆಕ್ಕುವುದು ನಿಜ. ನೆಕ್ಕಿದ್ದಕ್ಕಿಂತ ಹೆಚ್ಚು ಹೊಲಸು ಮಾಡುವುದೂ ನಿಜ. ದಾರದ ಹಾಗೆ ಉದ್ದಕ್ಕೆ ಎಳೆದುಕೊಂಡು ತಿರುಗುವ ಅದರ ಮಲವನ್ನು ನೋಡಿದವರು ಈ ಕ್ಲೀನಿಂಗ್ ಮಾತನ್ನು ಮತ್ತೆ ಎತ್ತುವುದಿಲ್ಲ. ಬೆರಳುದ್ದ ಬಂದದ್ದು ಒಂದೂವರೆ ಅಡಿವರೆಗೂ ಬೆಳೆಯುತ್ತದೆ. ಮೈಯೆಲ್ಲ ಕವಚ, ಯಾರೂ ತಿನ್ನುವುದಿಲ್ಲ, ನೀರು ಕೆಟ್ಟರೂ ಸಾಯುವುದಿಲ್ಲ. ಆಮೇಲೆ ಮನೆಯವರು ಏನು ಮಾಡುತ್ತಾರೆ? ಪುಣ್ಯ ಬರುತ್ತದೆಂದು ಹೊಳೆಗೋ ಕೆರೆಗೋ ಬಿಟ್ಟು ಕೈಮುಗಿದು ಬರುತ್ತಾರೆ. ಆಂಧ್ರ, ತೆಲಂಗಾಣ, ಕೇರಳದ ನೀರಲ್ಲಿ ಹೀಗೇ ಹೊಕ್ಕ ಸಕ್ಕರ್ ಈಗ ಬಲೆ ಹರಿದು, ದಡದಲ್ಲಿ ಬಿಲ ತೋಡಿ, ಮೀನುಗಾರರ ಹೊಟ್ಟೆಯ ಮೇಲೆ ಹೊಡೆಯುತ್ತಿದೆ. ಭದ್ರೆಗೆ ಬಿಟ್ಟು ಬರುವ ಯೋಚನೆ ಭಾವನ ತಲೆಯಲ್ಲೂ ಇತ್ತು, ತರುವ ಮೊದಲೇ! ಬಾಡಿಗೆದಾರ ಮನೆ ಬಿಡಲಿಲ್ಲವೆಂದು ಅವನನ್ನು ಊರ ಮೇಲೆ ಛೂ ಬಿಡುವ ಮಾಲೀಕರನ್ನು ಇವರಲ್ಲೇ ನೋಡಿದ್ದು.

ಅರೋವಾನಾದ ಕಥೆ ಚಿಕ್ಕದು. ಅದು ವಾಸ್ತು ಮೀನು. ಮನೆಗೆ ಬರುವ ಕೇಡನ್ನು ತಾನು ತಗೊಂಡು ಸಾಯುತ್ತದಂತೆ. ಎಷ್ಟೋ ಮನೆಗಳಲ್ಲಿ ಕೆಟ್ಟ ನೀರಿನಿಂದ ಸತ್ತ ಮೀನಿಗೆ ಹೀಗೆ ಹುತಾತ್ಮನ ಪಟ್ಟ ಸಿಕ್ಕಿದೆ. ಕೆಂಪು, ಚಿನ್ನದ ಬಣ್ಣದ ಏಷ್ಯಾದ ಅರೋವಾನಾ ಅಂತರರಾಷ್ಟ್ರೀಯ ಮಾರಾಟಕ್ಕೆ ಬಿಗಿ ಕಟ್ಟುಪಾಡಿರುವ ಅಪರೂಪದ ಜಾತಿ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಬೆಳ್ಳಿ ಅರೋವಾನಾ ದಕ್ಷಿಣ ಅಮೆರಿಕದ್ದು, ಮೂರಡಿ ಬೆಳೆಯುತ್ತದೆ, ಹಾರುತ್ತದೆ. "ತೊಟ್ಟಿ ಎಷ್ಟಡಿ ಅಂದ್ರಿ ಭಾವ?" ಎಂದೆ. ಅವರೇ ಪೆನ್ನು ತಗೊಂಡು ಗೀಚಿದರು.

ಹೀಗೆ ಪಟ್ಟಿಯೆಲ್ಲ ಕಾಟು ಬಿದ್ದ ಮೇಲೆ ಭಾವ ಸಿಟ್ಟಿಗೆದ್ದು, "ಹಂಗಾದ್ರೆ ಮೊಸಳೆ ಒಂದೇ ಇರ್ಲಿ ಬಿಡು" ಎಂದರು. ನಿಜ ಹೇಳಬೇಕೆಂದರೆ ಮೊದಲ ಒಂದು ತಿಂಗಳು ಮೊಸಳೆ ಒಂದೇ ಇರಬೇಕಾದದ್ದು.

ಹೊಸ ತೊಟ್ಟಿಗೆ ನಮ್ಮ ಕಡೆ ಮುಹೂರ್ತ ನೋಡುತ್ತಾರೆ, ನೀರು ತುಂಬಿದ ದಿನವೇ ಮೀನು ಬಿಡುತ್ತಾರೆ, ಆರತಿ ಎತ್ತಲಿಕ್ಕೂ ಹಿಂಜರಿಯುವುದಿಲ್ಲ. ವಾರದೊಳಗೆ ಮೀನು ಒಂದೊಂದಾಗಿ ಮಗುಚುತ್ತದೆ. ದೃಷ್ಟಿ ಬಿತ್ತು ಎನ್ನುತ್ತಾರೆ. ಬಿದ್ದದ್ದು ದೃಷ್ಟಿಯಲ್ಲ, ಅಮೋನಿಯಾ. ಮೀನು ಉಸಿರಾಡಿದರೂ ಉಚ್ಚೆ ಹೊಯ್ದರೂ ನೀರಿಗೆ ಸೇರುವುದು ಅದೇ. ತಿನ್ನದೆ ಉಳಿದ ಕಾಳೂ ಕೊಳೆತು ಅದೇ ಆಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನೀರು ಕನ್ನಡಿಯಂತೆ ತಿಳಿಯಾಗಿಯೇ ಇರುತ್ತದೆ, ಮೀನಿನ ಕಿವಿರು ಮಾತ್ರ ಸುಡುತ್ತದೆ. ಈ ಅಮೋನಿಯಾವನ್ನು ತಿಂದು ನೈಟ್ರೈಟ್ ಮಾಡುವ ಒಂದು ಜಾತಿ ಬ್ಯಾಕ್ಟೀರಿಯಾ, ಆ ನೈಟ್ರೈಟೂ ವಿಷವೇ ಆದ್ದರಿಂದ ಅದನ್ನು ತಿಂದು ಅಷ್ಟಾಗಿ ಕೆಡುಕಿಲ್ಲದ ನೈಟ್ರೇಟ್ ಮಾಡುವ ಇನ್ನೊಂದು ಜಾತಿ, ಇವೆರಡೂ ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಸಂದಿಯಲ್ಲಿ ಸಂಸಾರ ಹೂಡಬೇಕು. ಅದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಫಿಲ್ಟರ್ ಓಡುತ್ತಿರಬೇಕು, ಖಾಲಿ ನೀರಿಗೇ ದಿನಾ ಚಿಟಿಕೆ ಮೀನಿನ ಕಾಳು ಉದುರಿಸುತ್ತಿರಬೇಕು. ಹಳೆಯ ತೊಟ್ಟಿ ಇಟ್ಟವರ ಮನೆಯಿಂದ ಬಳಸಿದ ಸ್ಪಂಜಿನ ಒಂದು ತುಂಡು ಬೇಡಿ ತಂದು ಹಾಕಿದರೆ ಕೆಲಸ ಬೇಗ. ಹೆಪ್ಪು ಕೇಳಿ ತಂದ ಹಾಗೆ. ಹೊಸ ತೊಟ್ಟಿಯ ನಿಜವಾದ ಮೊದಲ ಬಾಡಿಗೆದಾರರು ಇವರೇ, ಕಣ್ಣಿಗೆ ಕಾಣದವರು. ಇವರನ್ನು ಬಿಟ್ಟು ಮೀನು ತಂದರೆ ಮೀನು ಮೀನಿಗೆ ಹೊಂದಿದರೂ ನೀರಿಗೆ ಹೊಂದುವುದಿಲ್ಲ.

"ಒಂದು ತಿಂಗಳು ಖಾಲಿ ನೀರಿಗೆ ಅನ್ನ ಹಾಕೋದಾ!" ಎಂದು ಅಕ್ಕ ಕೆನ್ನೆಗೆ ಕೈ ಹಚ್ಚಿದಳು. ಅವಳಿಗೆ ಅನ್ನ ಹಾಕಿ ಗೊತ್ತಿರುವುದು ಶೃಂಗೇರಿಯಲ್ಲಿ. ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎರಚಿದರೆ ತೋಳುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ತಿನ್ನುತ್ತವೆ. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲೂ ಅದೇ ಸಂಭ್ರಮ. ಆ ಕೈ ಈ ತೊಟ್ಟಿಯ ಮೇಲೆ ಬಂದರೆ ಮುಗಿಯಿತು. ತುಂಗೆ ಹರಿಯುವವಳು, ಎಷ್ಟು ಹಾಕಿದರೂ ಕೂಡಲಿಗೆ ಸಾಗಿಸಿಬಿಡುತ್ತಾಳೆ. ತೊಟ್ಟಿಯ ನೀರು ಎಲ್ಲಿಗೆ ಹೋಗಬೇಕು? ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೊಮ್ಮೆ ಹಾಕಿದರೆ ಸಾಕು. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸ ನೀರು. ತೆಗೆದ ನೀರನ್ನು ಮಲ್ಲಿಗೆ ಬಳ್ಳಿಗೆ ಸುರಿದರೆ ಗೊಬ್ಬರದ ಖರ್ಚೂ ಉಳಿಯುತ್ತದೆ. ಈ ಕಡೆಯ ಮಾತು ಅಕ್ಕನಿಗೆ ಹಿಡಿಸಿತು.

ಭಾವನಿಗೆ ಹಿಡಿಸಿದ್ದು ಬೇರೆ. ತೊಟ್ಟಿಯಲ್ಲೂ ಮಹಡಿಗಳಿವೆ. ಜೀಬ್ರಾ ಡ್ಯಾನಿಯೋ ಮೇಲಿನ ಅಂತಸ್ತಿನಲ್ಲಿ ಓಡಾಡುತ್ತದೆ. ಟೆಟ್ರಾ, ಬಾರ್ಬ್ ನಡುವೆ. ಕೋರಿಡೋರಾಸ್, ಲೋಚ್ ತಳದ ಮರಳಿನಲ್ಲಿ ಮೀಸೆ ಆಡಿಸುತ್ತಾ ಹುಡುಕಾಡುತ್ತವೆ. ಒಂದೇ ನೀರು, ಒಂದೇ ಗಾಜು, ಆದರೂ ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿಯುವ ಪ್ರಮೇಯ ಕಡಿಮೆ. "ಈಗ ಗೊತ್ತಾಯ್ತು ನೋಡು!" ಎಂದು ಭಾವ ಕುರ್ಚಿ ಮುಂದಕ್ಕೆಳೆದರು. ಮೊದಲ ಬಾರಿ ಅವರಿಗೆ ಮೀನಿನಲ್ಲಿ ತಮ್ಮ ವಿದ್ಯೆ ಕಂಡಿತ್ತು.

ಮೇಲಿನ ಅಂತಸ್ತಿಗೆ ಜೀಬ್ರಾ ಗೊತ್ತಾಯಿತು. ಬೆಲೆ ಕಡಿಮೆ, ಮೈಯುದ್ದಕ್ಕೂ ನೀಲಿ ಗೆರೆ, ಒಂದು ಕ್ಷಣ ನಿಲ್ಲುವುದಿಲ್ಲ. ಚಳಿ, ಸೆಕೆ, ಮೆದುನೀರು, ಗಡಸುನೀರು ಯಾವುದಕ್ಕೂ ಹೆಚ್ಚು ತಕರಾರಿಲ್ಲದ ಬಾಡಿಗೆದಾರ. ಪಟ್ಟಿ ಮಾಡುವಾಗ ಒಬ್ಬರಿಗೂ ಇದು ನೆನಪಾಗಲಿಲ್ಲ, ಯಾಕೆಂದರೆ ಇದು ನಮ್ಮ ದೇಶದ್ದೇ. ಹಿತ್ತಲ ಗಿಡ ಮದ್ದಲ್ಲವಷ್ಟೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಅಳೆದು ಬರೆದುಕೊಂಡು ಬಾ ಎಂದು ಕಂಪನಿ ಸರ್ಕಾರ ಬುಕನನ್ ಎಂಬ ವೈದ್ಯನನ್ನು ಅಟ್ಟಿತ್ತು. ಇಕ್ಕೇರಿ, ನಗರದವರೆಗೂ ಬಂದು ಅಡಿಕೆ ತೋಟದ ಲೆಕ್ಕ ಬರೆದುಕೊಂಡು ಹೋದ ಈ ಪುಣ್ಯಾತ್ಮನೇ ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು 1822ರಲ್ಲಿ ಗಂಗೆಯ ಮೀನುಗಳ ಪುಸ್ತಕ ಪ್ರಕಟಿಸಿದ. ಜೀಬ್ರಾ ಡ್ಯಾನಿಯೋ ಲೋಕಕ್ಕೆ ಪರಿಚಯವಾದದ್ದು ಅದರಲ್ಲಿ. ಜೇನು ಬಣ್ಣದ ಪುಟ್ಟ ಗೌರಾಮಿಯೂ ಅದರಲ್ಲೇ. ಅವನಿಗೆ ಮೀನಿನ ಚಿತ್ರ ಬರೆದುಕೊಟ್ಟ ಬಂಗಾಳಿ ಕಲಾವಿದ ಹಲ್ದಾರ್‌ನ ಹೆಸರು ಮಾತ್ರ ಎರಡು ಶತಮಾನ ಮೂಲೆಯಲ್ಲಿತ್ತು. 2013ರಲ್ಲಿ ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ಪುಟ್ಟ ಬಾರ್ಬ್‌ಗಳ ಒಂದು ಕುಲಕ್ಕೆ ಹಲುದಾರಿಯಾ ಎಂದು ಹೆಸರಿಟ್ಟು ವಿಜ್ಞಾನಿಗಳು ಆ ಸಾಲ ತೀರಿಸಿದರು. ಜೀಬ್ರಾದ ಅದೃಷ್ಟ ಇನ್ನೂ ದೊಡ್ಡದು. ಅದರ ಮೊಟ್ಟೆ, ಮರಿ ಗಾಜಿನ ಹಾಗೆ ಪಾರದರ್ಶಕವಾದ್ದರಿಂದ ಹೃದಯ ಬಡಿಯುವುದೂ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಅದಕ್ಕಾಗಿ ಜಗತ್ತಿನ ಪ್ರಯೋಗಾಲಯಗಳೆಲ್ಲ ಅದನ್ನು ಸಾಕಿಕೊಂಡಿವೆ. ಓಲ್ಡ್ ಟೌನಿನ ಪಟ್ಟಿಯಲ್ಲಿ ಜಾಗ ಸಿಗದವನಿಗೆ ಅಮೆರಿಕದಲ್ಲಿ ಕೆಲಸ. ಇದೂ ಭಾವನಿಗೆ ಹೊಸದಲ್ಲ, ಬೀದಿಯ ಅರ್ಧ ಹುಡುಗರದು ಅದೇ ಕಥೆ.

ಹಾಗಾದರೆ ಸ್ವದೇಶಿಯನ್ನೇ ತುಂಬೋಣ, ಭದ್ರೆ ಇಲ್ಲೇ ಇದ್ದಾಳೆ, ಸೊಳ್ಳೆ ಪರದೆ ತಗೊಂಡು ಹೋದರೆ ಜೋಡಿಗೆ ಕಾಸೂ ಕೊಡಬೇಕಿಲ್ಲ ಎಂದು ಭಾವ ಹೊಸ ರಾಗ ತೆಗೆದರು. ಬೇಡ ಭಾವ. ಮಿಸ್ ಕೇರಳ ಎಂದು ಹೆಸರಾದ, ಮೈಮೇಲೆ ಕೆಂಪು ಗೆರೆಯ ಡೆನಿಸನ್ ಬಾರ್ಬ್ ಕೇರಳದಲ್ಲೂ ಅದಕ್ಕೆ ಅಂಟಿದ ನಮ್ಮ ಗಡಿ ಸೀಮೆಯ ಹೊಳೆಗಳಲ್ಲೂ ಇದ್ದದ್ದು. ಚೆಂದ ಎಂದು ಹಿಡಿಹಿಡಿದು ವಿದೇಶಕ್ಕೆ ಕಳಿಸಿ ಈಗ ಅಳಿವಿನ ಅಂಚಿನ ಪಟ್ಟಿಗೆ ಸೇರಿದೆ. ಹೊಳೆಯಿಂದ ತರುವುದೂ ಬೇಡ, ಹೊಳೆಗೆ ಬಿಡುವುದೂ ಬೇಡ. ಫಾರ್ಮಿನಲ್ಲಿ ಸಾಕಿದ ಜೀಬ್ರಾ ಶಿವಮೊಗ್ಗದಲ್ಲಿ ಧಾರಾಳ ಸಿಗುತ್ತದೆ.

ಅಂತೂ ಕೊನೆಗೆ ಒಳಗೆ ಬಂದವರು ಇಷ್ಟು: ಜೀಬ್ರಾ ಆರು, ಜೇನು ಗೌರಾಮಿ ಒಂದು, ಮೊಮ್ಮಗಳ ಹಟಕ್ಕೆ ಗಪ್ಪಿ ಮೂರು, ಒಂದು ಗಂಡು ಎರಡು ಹೆಣ್ಣು. ಒಟ್ಟಿಗಲ್ಲ, ವಾರಗಳ ಅಂತರದಲ್ಲಿ. ಕವರನ್ನು ಹಾಗೇ ನೀರಿನಲ್ಲಿ ಕಾಲು ಗಂಟೆ ತೇಲಿಬಿಟ್ಟು, ಒಳಗಿನ ಬಿಸಿ ಹೊರಗಿನ ಬಿಸಿ ಒಂದಾದ ಮೇಲೆ, ಅಂಗಡಿಯ ನೀರು ಸೇರದಂತೆ ಮೀನನ್ನಷ್ಟೇ ಬಲೆಯಲ್ಲಿ ಒಳಗೆ ಬಿಟ್ಟೆವು. ಇಂಚು ಮೀನಿಗೆ ನಾಲ್ಕು ಲೀಟರ್ ಎಂಬ ಹಳೆಯ ಲೆಕ್ಕ ಹಿಡಿದರೆ ತೊಟ್ಟಿ ಭರ್ತಿಯಾಗಿ ಮೀರಿಯೇ ಹೋಗಿದೆ. ತಳದ ಅಂತಸ್ತು ಖಾಲಿ ಎಂದು ಭಾವನಿಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಪೋರ್ಷನ್ ಖಾಲಿ ಬಿದ್ದರೆ ಸಹಿಸದ ಜೀವ. ಅಕ್ಕನ ಗೋಲ್ಡ್ ಫಿಶ್ ಹಿತ್ತಿಲಲ್ಲಿ ಹಳೆಯ ಕಲ್ಲುಬಾನಿಯಲ್ಲಿ ಬೇರೆ ಮನೆ ಮಾಡಿಕೊಂಡಿದೆ. ಆ ಬಾನಿ ದೊಡ್ಡದು, ನೆರಳಲ್ಲಿದೆ, ತಣ್ಣಗಿದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೇಲೆ ಬಾಳುವ ಮೀನು. ಈಗಲೇ ಅಕ್ಕನ ಬಳೆ ಸದ್ದಿಗೆ ಮೇಲೆ ಬರುತ್ತದೆ.

ಇನ್ನು ಗಪ್ಪಿ. "ಇನ್ನೂ ಆಗುವ ಅಂದಾಜಿದೆಯಾ?" ಎಂಬ ಪ್ರಶ್ನೆಯನ್ನು ಭಾವ ಇದೊಂದಕ್ಕೆ ಕೇಳಲು ಮರೆತರು. ಸೊಳ್ಳೆ ಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವ ಜಾತಿ ಇದು. ಮೊಟ್ಟೆಯಿಡುವ ಗೊಡವೆಯಿಲ್ಲ, ನೇರ ಮರಿಯೇ. ಹೆಚ್ಚುಕಮ್ಮಿ ತಿಂಗಳಿಗೊಂದು ಬಾಣಂತನ. ಗಂಡನ್ನು ಬೇರೆ ಮಾಡಿದರೆ ನಿಲ್ಲುತ್ತದೆಂದು ಭಾವ ಅದನ್ನು ಹಾರ್ಲಿಕ್ಸ್ ಬಾಟಲಿಗೆ ಎತ್ತಿ ಹಾಕಿದರು. ಹೆಣ್ಣು ಗಪ್ಪಿ ಒಮ್ಮೆ ಕೂಡಿದ ಬೀಜವನ್ನು ತಿಂಗಳುಗಟ್ಟಲೆ ಒಳಗೆ ಕಾಪಿಟ್ಟುಕೊಂಡು, ಗಂಡಿನ ಮುಖ ನೋಡದೆಯೂ ಮರಿ ಹಾಕುತ್ತಾ ಹೋಗುತ್ತದೆ. ಮರಿಗಳಲ್ಲಿ ಕೆಲವನ್ನು ಜೀಬ್ರಾ ತಿನ್ನುತ್ತವೆ, ಕೆಲವನ್ನು ತಾಯಿಯೇ ತಿನ್ನುತ್ತಾಳೆ. ಆದರೂ ಲೆಕ್ಕ ಏರುತ್ತಲೇ ಇದೆ.

ಅಂದ ಹಾಗೆ, ಈ ಸಲ ವರಮಹಾಲಕ್ಷ್ಮಿಗೆ ಅಕ್ಕ ನಿಮ್ಮನ್ನು ಕುಂಕುಮಕ್ಕೆ ಕರೆದರೆ ಹೋಗಿ, ಹಯಗ್ರೀವ ಚೆನ್ನಾಗಿ ಮಾಡುತ್ತಾಳೆ. ತಾಂಬೂಲದ ಜೊತೆಗೆ ರಬ್ಬರ್ ಬ್ಯಾಂಡ್ ಬಿಗಿದ, ನೀರು ತುಂಬಿದ ಒಂದು ಪುಟ್ಟ ಕವರ್ ಕೈಗಿಡುತ್ತಾಳೆ. ಬೇಡ ಎನ್ನುವಂತಿಲ್ಲ, ಹಬ್ಬದ ದಿನ. ಎಲ್ಲಾ ಹೆಣ್ಣೇ ಕಣೇ, ಏನೂ ತಾಪತ್ರಯವಿಲ್ಲ ಎಂದೂ ಹೇಳುತ್ತಾಳೆ.